ರಸ್ತೆ ಓಟದ ಪಂದ್ಯ ನಡೆಸುವ ಬಗೆ

(ಐದು ಹಳ್ಳಿಗಳ ಯುವಕ ಸಂಘಗಳ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬರುವ ಸಂಕ್ರಾಂತಿಗೆ ನಮ್ಮ ಐದು ಹಳ್ಳಿಗಳ ಯುವಕ ಸಂಘಗಳು ಒಟ್ಟಾಗಿ 10 ಕಿಲೋಮೀಟರಿನ ರಸ್ತೆ ಓಟದ ಪಂದ್ಯವೊಂದನ್ನು ಏರ್ಪಡಿಸಬೇಕೆಂದು ನಿಶ್ಚಯಿಸಿರುವುದು ಬಹಳ ಸಂತೋಷದ ಸಂಗತಿ. ಬೀಜ ಗೊಬ್ಬರದ ಮಾತನಾಡುವ ಗ್ರಾಮಸೇವಕನಿಗೆ ಓಟದ ಉಸಾಬರಿ ಏಕೆಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಅಂದವರ ಮೇಲೆ ನನಗೆ ಕೋಪವಿಲ್ಲ. ಆದರೆ ನಿಮ್ಮ ಕರಪತ್ರದ ಕರಡನ್ನು ನೋಡಿದೆ. ಅದರಲ್ಲಿ "ಮಾನ್ಯ ಅತಿಥಿಗಳ ಭಾಷಣವಾದ ನಂತರ, ಬೆಳಿಗ್ಗೆ 11 ಗಂಟೆಗೆ ಓಟ ಆರಂಭ" ಎಂದು ಬರೆದಿದೆ. ಆ ಒಂದು ಸಾಲಿಗಾಗಿಯೇ ಈ ಹೊತ್ತು ಮಾತನಾಡಲು ಅವಕಾಶ ಕೇಳಿದೆ.

ಓಟ ನಮ್ಮಂಥವರಿಗೆ ಹೊಸದಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದವರು ನಡೆಸಿದ ಪಂದ್ಯಗಳನ್ನು ದೊರಾಬ್ಜಿ ಟಾಟಾ ಅವರು ನೋಡಿದರು. ದೂರದ ಓಟಕ್ಕೆ ನಿಂತವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಕಾಲಲ್ಲಿ ಜೋಡಿಲ್ಲ, ಯಾರೂ ಶಿಕ್ಷಣ ಕೊಟ್ಟಿರಲಿಲ್ಲ, ಊಟವೂ ಅಷ್ಟಕ್ಕಷ್ಟೆ. ಹಾಗಿದ್ದೂ ಅವರು ಓಡಿದ ವೇಳೆ ಯೂರೋಪಿನವರ ವೇಳೆಗೆ ಹತ್ತಿರವಿತ್ತು. ಇದನ್ನು ಕಂಡೇ ಟಾಟಾ ಅವರು ಹಿಂದೂಸ್ಥಾನದವರನ್ನು ಒಲಿಂಪಿಕ್ ಪಂದ್ಯಗಳಿಗೆ ಕಳುಹಿಸಲು ಮನಸ್ಸು ಮಾಡಿದರು. ಹೀಗೆ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿಗೆ ಹೋದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು ಒಬ್ಬರು. ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ಬೆಳಗಾವಿಯ ಕಡೆಯ ಪೈಲ್ವಾನರ ಹೆಸರುಗಳನ್ನು ನಮ್ಮ ಹಿರಿಯರು ಬಾಯಲ್ಲೇ ಹೇಳುತ್ತಾರೆ. ಈ ಓಟಗಾರರ ಹೆಸರನ್ನು ಹೇಳುವವರು ಮಾತ್ರ ವಿರಳ.

ಆ ಆಂಟ್‌ವರ್ಪಿನ ಹಾದಿ 42,750 ಮೀಟರು ಇತ್ತು. ಈಗ ಎಲ್ಲೆಡೆ ಮ್ಯಾರಥಾನ್ ಎಂದರೆ 42,195 ಮೀಟರು. ಅಂದರೆ ಚೌಗುಲೆಯವರು ಇಂದಿನವರಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಓಡಿದರು. ಹಾದಿಯ ಅಳತೆ ಒಂದೇ ಇಲ್ಲದಿದ್ದರೆ ಒಂದು ಊರಿನ ಓಟಗಾರನನ್ನು ಇನ್ನೊಂದು ಊರಿನವನೊಡನೆ ಹೋಲಿಸುವುದೇ ಆಗದು. ಆದುದರಿಂದ ಮೊದಲನೆಯ ಕೆಲಸ ಅಳತೆ.

ಮೋಟಾರು ಸೈಕಲ್ಲಿನ ಮೀಟರನ್ನು ನಂಬಿ 10 ಕಿಲೋಮೀಟರು ಎಂದು ಗುರುತು ಹಾಕಕೂಡದು. ಕೈಯಲ್ಲಿರುವ ಮೊಬೈಲೂ ಮರದ ನೆರಳು, ತಿರುವು ಬಂದಲ್ಲಿ ಹೆಚ್ಚು ಕಡಿಮೆ ತೋರಿಸುತ್ತದೆ. ಜಗತ್ತಿನ ದೊಡ್ಡ ಪಂದ್ಯಗಳ ಹಾದಿಯನ್ನು ಇವತ್ತಿಗೂ ಅಳೆಯುವುದು ಸಾಧಾರಣ ಸೈಕಲ್ಲಿನಿಂದಲೇ. ಚಕ್ರಕ್ಕೆ ಎಣಿಕೆಯ ಸಣ್ಣ ಯಂತ್ರವೊಂದನ್ನು ಸಿಕ್ಕಿಸಿರುತ್ತಾರೆ, ಅಷ್ಟೆ. ನಾವು ಯಂತ್ರವಿಲ್ಲದೆ ಮಾಡಬಹುದು. ನೆಟ್ಟಗಿರುವ ರಸ್ತೆಯಲ್ಲಿ ಉಕ್ಕಿನ ಟೇಪಿನಿಂದ 300 ಮೀಟರು ಅಳೆದು ಎರಡು ಕಡೆ ಗುರುತು ಮಾಡಿ. ಮುಂದಿನ ಚಕ್ರದ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಒಬ್ಬನೇ ಸವಾರ ನಾಲ್ಕು ಸಲ ಆ ದೂರವನ್ನು ತುಳಿಯಲಿ. ಚಕ್ರ ಎಷ್ಟು ಸುತ್ತು ತಿರುಗಿತೆಂದು ಪಕ್ಕದ ಸೈಕಲ್ಲಿನವನು ಎಣಿಸಲಿ. 141 ಸುತ್ತು ಬಂತೆನ್ನಿ. 10 ಕಿಲೋಮೀಟರಿಗೆ 4,700 ಸುತ್ತು. ಅದಕ್ಕೆ ಸಾವಿರಕ್ಕೆ ಒಂದರಂತೆ, ಅಂದರೆ ಐದು ಸುತ್ತು, ಹೆಚ್ಚಿಗೆ ಸೇರಿಸುವುದು ವಾಡಿಕೆ. ಹಾದಿ ಒಂದು ಗೇಣು ಉದ್ದವಾದರೆ ಬಾಧಕವಿಲ್ಲ, ಗಿಡ್ಡವಾದರೆ ಗೆದ್ದವನ ಗೆಲುವಿಗೇ ಕಳಂಕ. ಪ್ರತಿ ನೂರು ಸುತ್ತಿಗೆ ಸುಣ್ಣದ ಗೆರೆ ಎಳೆಯುತ್ತ ಹೋದರೆ ಲೆಕ್ಕ ತಪ್ಪದು. ತಿರುವಿನಲ್ಲಿ ಓಟಗಾರ ಒಳಬದಿಯನ್ನೇ ಹಿಡಿಯುತ್ತಾನೆ. ಸೈಕಲ್ಲೂ ಅಲ್ಲೇ ಹೋಗಬೇಕು. ಅಳತೆ ಮುಗಿದ ಮೇಲೆ ಅದೇ 300 ಮೀಟರನ್ನು ಮತ್ತೆ ತುಳಿದು ನೋಡಿ, ಏಕೆಂದರೆ ಬಿಸಿಲೇರಿದಂತೆ ಟೈರಿನ ಗಾಳಿ ಹಿಗ್ಗಿ ಸುತ್ತಿನ ಲೆಕ್ಕ ಬದಲಾಗುತ್ತದೆ.

ಇನ್ನು ಹೊತ್ತಿನ ಮಾತು. ಎತ್ತನ್ನು ಕಟ್ಟಿ ಉಳುವವರು ನೀವು. ನಡುಹಗಲು ಎತ್ತಿನ ಬಾಯಲ್ಲಿ ನೊರೆ ಬಂದರೆ ನೊಗ ಇಳಿಸುತ್ತೀರಿ. ನಿಮ್ಮ ಮಗನನ್ನು 11 ಗಂಟೆಗೆ ಡಾಂಬರು ರಸ್ತೆಯಲ್ಲಿ ಓಡಲು ಬಿಡುವುದು ಯಾವ ನ್ಯಾಯ? ಓಡುವವನ ಮೈಯಲ್ಲಿ ಹುಟ್ಟುವ ಕಾವು ಹೆಚ್ಚಾಗಿ ಬೆವರು ಆರುವುದರಿಂದಲೇ ಹೊರಗೆ ಹೋಗುತ್ತದೆ. ಮೇಲೆ ಬಿಸಿಲು, ಕೆಳಗೆ ಕಾದ ಡಾಂಬರು ಇದ್ದಾಗ ಕಾವು ಒಳಗೇ ನಿಲ್ಲುತ್ತದೆ. ಮೈಯ ಶಾಖ 40 ಡಿಗ್ರಿ ದಾಟಿ ಮಾತು ತೊದಲಿದರೆ ಅದು ಬರೀ ಆಯಾಸವಲ್ಲ, ಪ್ರಾಣಕ್ಕೆ ಬಂದ ಅಪಾಯ.

2007ರ ಅಕ್ಟೋಬರ್ 7ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಮ್ಯಾರಥಾನ್ ನಡೆಯಿತು. ಆ ದಿನ ಅಲ್ಲಿ ಏರಿದ ಶಾಖ ಸುಮಾರು 31 ಡಿಗ್ರಿ. ಇಷ್ಟೇ ಏನು ಎಂದು ನಗಬೇಡಿ. ಅವರು ತಂಪಿಗೆ ಒಗ್ಗಿದ ಜನ, ಮೇಲಾಗಿ ಗಾಳಿಯಲ್ಲಿ ತೇವವಿತ್ತು. ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಓಡುತ್ತಿದ್ದರು. ಮುಂದೆ ಹೋದವರು ನೀರು ಕುಡಿದದ್ದಲ್ಲದೆ ತಲೆಯ ಮೇಲೂ ಸುರಿದುಕೊಂಡರು. ಹಿಂದೆ ನಿಧಾನವಾಗಿ ಬಂದವರಿಗೆ ಕೆಲವು ಕಡೆ ಬರಿಯ ಲೋಟಗಳು ಮಾತ್ರ ಉಳಿದಿದ್ದುವು. ಸುಮಾರು ಮೂರೂವರೆ ಗಂಟೆಯ ಹೊತ್ತಿಗೆ ಪಂದ್ಯವನ್ನೇ ನಿಲ್ಲಿಸಬೇಕಾಯಿತು. ಹಣಕ್ಕೆ, ವೈದ್ಯರಿಗೆ, ಪೊಲೀಸರಿಗೆ ಕೊರತೆಯಿಲ್ಲದ ನಗರದಲ್ಲಿ ಹೀಗಾಯಿತು.

ಓಡಿದವರನ್ನು ಮಾತನಾಡಿಸಿ ನೋಡಿ. ಮೊದಲು ಬಂದವನು ಬಹುಮಾನದ ಮಾತು ಹೇಳುತ್ತಾನೆ. ಕೊನೆಗೆ ಬಂದವನ ಮಾತೇ ಬೇರೆ: ತಾನು ಬರುವಷ್ಟರಲ್ಲಿ ಮೇಜು ಮಡಚಿದ್ದರು, ದಾರಿ ತೋರಿಸುವವನು ಮನೆಗೆ ಹೋಗಿದ್ದ, ಬಾಣದ ಗುರುತು ಅಳಿಸಿತ್ತು, ನಾಯಿ ಅಟ್ಟಿಸಿಕೊಂಡು ಬಂತು. ಪಂದ್ಯ ಚೆನ್ನಾಗಿ ನಡೆಯಿತೇ ಎಂದು ತಿಳಿಯಬೇಕಾದರೆ ನಾನು ಇವನನ್ನೇ ಕೇಳುತ್ತೇನೆ.

ನೀರಿನ ಲೆಕ್ಕ ಹೀಗೆ. 80 ಜನ ಓಡುತ್ತಾರೆಂದು ಇಟ್ಟುಕೊಳ್ಳೋಣ. ಎರಡೂವರೆ, ಐದು, ಏಳೂವರೆ ಕಿಲೋಮೀಟರಿನಲ್ಲಿ ನೀರು ಇರಬೇಕು. ಒಬ್ಬನಿಗೆ ಒಂದು ಕಡೆ ಎರಡು ಲೋಟವೆಂದರೆ 160 ಲೋಟ. ಲೋಟಕ್ಕೆ 150 ಮಿಲಿಲೀಟರಿನಂತೆ 24 ಲೀಟರು ಆಯಿತು. ತಲೆಗೆ ಸುರಿದುಕೊಳ್ಳುವುದನ್ನೂ ಸೇರಿಸಿ ಒಂದೊಂದು ಕಡೆ 40 ಲೀಟರು ಇಡಿ. ಅದರಲ್ಲಿ 10 ಲೀಟರನ್ನು ಬೇರೆ ಕೊಡದಲ್ಲಿ ಮುಚ್ಚಿಟ್ಟು, ಕೊನೆಯ ಇಪ್ಪತ್ತು ಜನ ಬರುವವರೆಗೆ ತೆರೆಯಕೂಡದು. ಕುಡಿ ಕುಡಿ ಎಂದು ಬಲವಂತ ಮಾಡುವುದೂ ತಪ್ಪು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಜನರ ರಕ್ತವನ್ನು ಪರೀಕ್ಷಿಸಿದಾಗ 100ಕ್ಕೆ 13 ಜನರಲ್ಲಿ ಉಪ್ಪಿನ ಅಂಶ ಇರಬೇಕಾದುದಕ್ಕಿಂತ ಇಳಿದಿತ್ತು. ದಾರಿಯುದ್ದಕ್ಕೂ ಅತಿಯಾಗಿ ಕುಡಿದದ್ದು ಅದಕ್ಕೆ ಮುಖ್ಯ ಕಾರಣ. ನೀರಡಿಕೆಯಾದಷ್ಟು ಕುಡಿದರೆ ಸಾಕು.

ಯಾರಾದರೂ ಬಿಸಿಲಿಗೆ ಬಿದ್ದರೆ 108ಕ್ಕೆ ಫೋನು ಮಾಡಿ. ಗಾಡಿ ಬರುವವರೆಗೆ ಸುಮ್ಮನೆ ಗಾಳಿ ಬೀಸುತ್ತ ಕೂಡಬೇಡಿ. ನೆರಳಿಗೆ ತಂದು ಮೈಯನ್ನು ತಣ್ಣೀರಿನಲ್ಲಿ ಮುಳುಗಿಸಬೇಕು. ತಲೆ ಮಾತ್ರ ಮೇಲಿರುವಂತೆ ಒಬ್ಬರು ಹಿಡಿದಿರಬೇಕು. ಇದಕ್ಕೆ ದನದ ನೀರಿನ ತೊಟ್ಟಿಗಿಂತ ಒಳ್ಳೆಯ ಸಾಧನ ಬೇಕೇ? ಮುಕ್ತಾಯದ ಗೆರೆಯನ್ನು ತೊಟ್ಟಿಯ ಹತ್ತಿರ ಇಡಿ, ಹಿಂದಿನ ದಿನವೇ ತಿಕ್ಕಿ ತೊಳೆದು ತುಂಬಿಸಿಡಿ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಕೂಡದು. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವ ಹಿರಿಯರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡೇ ಹೆಸರು ಕೊಡಬೇಕು.

ಆದಕಾರಣ ಓಟ ಸೂರ್ಯೋದಯದ ಹೊತ್ತಿಗೆ, 7 ಗಂಟೆಯೊಳಗೆ ಹೊರಡಲಿ. 9 ಗಂಟೆಗೆ ಎಲ್ಲರೂ ಬಂದಿರುತ್ತಾರೆ. ಅತಿಥಿಗಳು 11 ಗಂಟೆಗೆ ಬರಲಿ, ಹಾರ ಹಾಕೋಣ, ಬಹುಮಾನ ಕೊಡಲಿ, ಎಷ್ಟು ಹೊತ್ತು ಬೇಕಾದರೂ ಮಾತನಾಡಲಿ. ಬಾವುಟ ಬೀಸುವ ಕೆಲಸಕ್ಕೆ ನಮ್ಮೂರ ಶಾಲೆಯ ಮೇಷ್ಟರು ಸಾಲದೇ?

ಸಂಕ್ರಾಂತಿಯ ಕಾಲವಾದುದರಿಂದ ಇನ್ನೊಂದು ತೊಡಕಿದೆ. ರಾಗಿ, ಹುರುಳಿಯನ್ನು ನಾವು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುತ್ತೇವೆ. ಈ ಪದ್ಧತಿ ಒಳ್ಳೆಯದಲ್ಲವೆಂದು ಬೇರೆ ಸಭೆಗಳಲ್ಲಿ ಹೇಳಿದ್ದೇನೆ, ಮತ್ತೆ ಹೇಳುವುದಿಲ್ಲ. ಇಬ್ಬನಿಯಲ್ಲಿ ನೆನೆದ ಹುರುಳಿ ಹೊಟ್ಟಿನ ಮೇಲೆ ಓಡುವವನ ಕಾಲು ಎಣ್ಣೆಯ ಮೇಲೆ ಇಟ್ಟಂತೆ ಜಾರುತ್ತದೆ. ಹಿಂದಿನ ಸಂಜೆಯೇ ರಸ್ತೆಯನ್ನು ಗುಡಿಸಿ ಬಿಡಿಸಿಕೊಡಬೇಕೆಂದು ಹಾದಿಯ ಪ್ರತಿ ಮನೆಗೂ ಹೋಗಿ ಕೇಳಬೇಕು. ಕಬ್ಬಿನ ಟ್ರಾಕ್ಟರಿನವರಿಗೂ ಎರಡು ಗಂಟೆ ಕಾಯಲು ಹೇಳಬೇಕು. ಪೊಲೀಸ್ ಠಾಣೆಗೆ ಬರೆದು ಅನುಮತಿ ಪಡೆಯುವುದು ಹೇಗೂ ಇದ್ದೇ ಇದೆ.

ಮನೆಮನೆಗೂ ತಿಳಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಇನ್ನೊಂದು ಓಟ. ಅದು ಬಿಸಿಲಿನದಲ್ಲ, ಚಳಿಯದು. 2021ರ ಮೇ 22ರಂದು ಚೀನಾ ದೇಶದ ಗಾನ್ಸು ಪ್ರಾಂತದ ಬೆಟ್ಟಗಳಲ್ಲಿ 100 ಕಿಲೋಮೀಟರಿನ ಪಂದ್ಯ ನಡೆಯಿತು. 172 ಜನ ಹೊರಟರು. ಎತ್ತರದ ಏರಿನಲ್ಲಿದ್ದಾಗ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಬಂದುವು. ಆ ಭಾಗಕ್ಕೆ ವಾಹನ ಹೋಗುವ ದಾರಿಯಿರಲಿಲ್ಲ. ಗಾಳಿ ತಡೆಯುವ ಅಂಗಿ ಒಯ್ಯಲೇಬೇಕೆಂಬ ನಿಯಮವನ್ನೂ ಮಾಡಿರಲಿಲ್ಲ. 21 ಜನ ಸತ್ತರು. ಅಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಕುರುಬ ಮಳೆಗೆ ತನ್ನ ಗುಹೆಯಲ್ಲಿ ಸೇರಿಕೊಂಡಿದ್ದ. ತತ್ತರಿಸುತ್ತ ಬಂದವರನ್ನು ಒಳಗೆ ಕರೆದು ಬೆಂಕಿ ಹಾಕಿ, ಹೊದಿಕೆ ಕೊಟ್ಟು, ಆರು ಜನರನ್ನು ಉಳಿಸಿದ. ಏರ್ಪಾಡಿನವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ನಮ್ಮ ಹಾದಿಯ ಬದಿಯ ತೋಟದ ಮನೆಯವರು, ಕುರಿ ಕಾಯುವವರು, ಪಂಪ್‌ಸೆಟ್ಟಿಗೆ ಹೋಗುವವರು ನಮ್ಮ ಪಟ್ಟಿಯಲ್ಲಿ ಇರಲಿ. ಎಲ್ಲಿ ನೆರಳಿದೆ, ಯಾವ ಬಾವಿಗೆ ಕಟ್ಟೆಯಿಲ್ಲ, ಯಾರ ನಾಯಿ ಕಚ್ಚುತ್ತದೆ ಎಂಬುದು ಅವರಿಗೆ ಗೊತ್ತು.

ಹೊರಡುವಾಗ ಪ್ರತಿಯೊಬ್ಬನ ಎದೆಗೂ ಸಂಖ್ಯೆಯ ಚೀಟಿ, ಪುಸ್ತಕದಲ್ಲಿ ಹೆಸರು. ಕೊನೆಯ ಓಟಗಾರನ ಹಿಂದೆ ಒಬ್ಬ ಸೈಕಲ್ಲಿನವನು ಬಿಡದೆ ಬರಬೇಕು. ಅವನು ದಾಟಿದ ಮೇಲೆಯೇ ತಿರುವಿನಲ್ಲಿ ನಿಂತವರು ಜಾಗ ಬಿಡತಕ್ಕದ್ದು. ಮುಕ್ತಾಯದಲ್ಲಿ ಹಗ್ಗದಿಂದ ಕಿರಿದಾದ ದಾರಿ ಕಟ್ಟಿದರೆ ಓಟಗಾರರು ಸಾಲಾಗಿ ಬರುತ್ತಾರೆ. ಒಬ್ಬರು ವೇಳೆಯನ್ನು ಕೂಗಲಿ, ಇನ್ನೊಬ್ಬರು ಬರೆಯಲಿ, ಮೂರನೆಯವರು ಸಂಖ್ಯೆ ಓದಲಿ. ಒಬ್ಬರೇ ಮೂರೂ ಮಾಡಹೊರಟರೆ ಸಂಜೆಯವರೆಗೆ ಜಗಳ ತಪ್ಪದು. 80 ಜನ ಹೊರಟು 78 ಜನ ಬಂದಿದ್ದರೆ ಉಳಿದಿಬ್ಬರು ಎಲ್ಲಿದ್ದಾರೆಂದು ತಿಳಿಯುವವರೆಗೆ ಶಾಮಿಯಾನದ ಕಡೆ ಯಾರೂ ಹೋಗಕೂಡದು.

ಗಡುವನ್ನು ಮೊದಲೇ ಸಾರಬೇಕು. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ ಪೀಟರ್‌ಮಾರಿಟ್ಸ್‌ಬರ್ಗ್ ಊರಿನ ಹೆಸರು ನೀವು ಕೇಳಿದ್ದೀರಿ. ಅಲ್ಲಿಗೂ ಡರ್ಬನ್ ನಗರಕ್ಕೂ ನಡುವೆ ಸುಮಾರು 90 ಕಿಲೋಮೀಟರಿನ ಕಾಮ್ರೇಡ್ಸ್ ಓಟ 1921ರಲ್ಲಿ ಶುರುವಾಯಿತು. ಮೊದಲ ವರ್ಷ ಹೊರಟವರು 34, ಮುಟ್ಟಿದವರು 16. ಅಲ್ಲಿ ಈಗ 12 ಗಂಟೆಯ ಗಡುವು. ವೇಳೆ ಮುಗಿಯುತ್ತಲೇ ಅಧಿಕಾರಿಯೊಬ್ಬರು ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ಗುಂಡು ಹಾರಿಸುತ್ತಾರೆ. ಒಂದು ಹೆಜ್ಜೆ ಹಿಂದುಳಿದವನಿಗೂ ಪದಕವಿಲ್ಲ. ಮುಖ ನೋಡಿದರೆ ಮನಸ್ಸು ಕರಗೀತೆಂದು ಬೆನ್ನು ತಿರುಗಿಸುವುದು. ಆ ಕೊನೆಯ ನಿಮಿಷಗಳನ್ನು ನೋಡಲೆಂದೇ ಜನ ಕಾದು ನಿಂತಿರುತ್ತಾರೆ. ನಮಗೆ ಅಷ್ಟು ಕಟ್ಟುನಿಟ್ಟು ಬೇಡ. ಎರಡು ಗಂಟೆಯೆಂದು ಹೇಳಿ, ಅದುವರೆಗೆ ಪ್ರತಿಯೊಬ್ಬನಿಗೂ ನೀರು, ಬಾಳೆಹಣ್ಣು, ಚಪ್ಪಾಳೆ ಸಿಗುವಂತೆ ನೋಡಿಕೊಂಡರಾಯಿತು.

ಹೆಣ್ಣುಮಕ್ಕಳ ಓಟ ಕರಪತ್ರದಲ್ಲಿ ಇಲ್ಲ. ಏಕೆಂದು ಕೇಳಿದರೆ ಯಾರೂ ಹೆಸರು ಕೊಡುವುದಿಲ್ಲ ಎಂದರು. 1967ರಲ್ಲಿ ಬೋಸ್ಟನ್ನಿನ ಓಟದಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ಹುಡುಗಿ ಓಡುತ್ತಿದ್ದಾಗ ಅಧಿಕಾರಿಯೊಬ್ಬರು ಅವಳ ಅಂಗಿ ಹಿಡಿದೆಳೆದು ಹೊರಹಾಕಲು ನೋಡಿದರು. ಅವಳು ಓಟ ಮುಗಿಸಿಯೇ ನಿಂತಳು. 1972ರಲ್ಲಿ ಅಲ್ಲಿ ಹೆಂಗಸರಿಗೂ ನಿಯಮದಂತೆ ಅವಕಾಶವಾಯಿತು. ಮಹಿಳಾ ಮಂಡಳಿಯವರು ಇಲ್ಲಿಯೇ ಕುಳಿತಿದ್ದಾರೆ. ಹೆಸರು ಕೊಡುತ್ತಾರೋ ಇಲ್ಲವೋ ಅವರನ್ನೇ ಕೇಳಿ ಬರೆದುಕೊಳ್ಳಿ. ಬಹುಮಾನದ ಹಣ ಗಂಡಸರಿಗೆಷ್ಟೋ ಅವರಿಗೂ ಅಷ್ಟೇ ಇರಲಿ.

ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ಹಾಲಿನ ಡೇರಿಯ ಮುಂದೆ ಅಳತೆಯ ಕೆಲಸ ಆರಂಭಿಸೋಣ. 30 ಮೀಟರಿನ ಉಕ್ಕಿನ ಟೇಪು ನನ್ನಲ್ಲಿದೆ. ಒಳ್ಳೆಯ ಟೈರಿನ ಎರಡು ಸೈಕಲ್ಲು, ಒಂದು ಬಕೀಟು ಸುಣ್ಣ, ಲೆಕ್ಕ ತಪ್ಪದೆ ಎಣಿಸಬಲ್ಲ ಇಬ್ಬರು ಹುಡುಗರು ಬೇಕು. ಕರಪತ್ರವನ್ನು ಅಚ್ಚಿಗೆ ಕೊಡುವುದು ಅಳತೆ ಮುಗಿದು ಹೊತ್ತು ಬದಲಾಯಿಸಿದ ಮೇಲೆ.