ಹಲ್ಲಿನ ಮೇಲಿನ ಕಲಾಯಿ ಉಳಿಸಿಕೊಳ್ಳೋಣ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಡೇರಿ ಕಟ್ಟಡದ ಮುಂದೆ ಏರ್ಪಡಿಸಿದ್ದ ಹಲ್ಲು ತಪಾಸಣಾ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು. ಡಾಕ್ಟರು ಪಕ್ಕದಲ್ಲೇ ಕೂತಿರುವಾಗ ಹಲ್ಲಿನ ವಿಚಾರ ನಾವು ಮಾತಾಡೋದು ಅಧಿಕಪ್ರಸಂಗ ಅನ್ನಿಸಬಹುದು. ಆದರೂ ಅಧ್ಯಕ್ಷರು "ನೀವೇ ಮಾತಾಡಿ, ನಿಮ್ಮ ಮನೇಲಿ ಅನುಭವಿಸಿದ್ದೀರಿ" ಅಂದರು. ಅದು ನಿಜ. ಆ ಅನುಭವಕ್ಕೋಸ್ಕರ ಈ ನಾಲ್ಕು ಮಾತು. ತಪ್ಪಿದ್ದರೆ ಡಾಕ್ಟರು ತಿದ್ದಬೇಕು.

ನಾವು ರೈತರು. ದನದ ಜಾತ್ರೆಗೆ ಹೋದರೆ ಮೊದಲು ಮಾಡೋ ಕೆಲಸ ಏನು? ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡೋದು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು, ಸವೆದದ್ದು, ಎಲ್ಲಾ ಒಂದೇ ನೋಟಕ್ಕೆ ಹೇಳ್ತೀವಿ. ಆದರೆ ನಮ್ಮ ಮನೆ ಮಕ್ಕಳ ಬಾಯಿ ಬಿಡಿಸಿ ಹಲ್ಲು ನೋಡಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀವಿ? ಕೈ ಎತ್ತಿ ಅಂದರೆ ನಮ್ಮ ಕೈಯೂ ಮೇಲೆ ಹೋಗಲಾರದು.

ಹಲ್ಲಿನ ಮೇಲೆ ಬೆಳ್ಳಗೆ, ಗಟ್ಟಿಯಾಗಿ ಒಂದು ಪದರ ಇದೆ. ಅದಕ್ಕೆ ಎನಾಮಲ್ ಅಂತಾರೆ. ನಮ್ಮ ಮಾತಲ್ಲಿ ಹೇಳೋದಾದರೆ ಅದು ಹಲ್ಲಿನ ಕಲಾಯಿ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ, ಮೂಳೆ ಕೂಡ ಅಷ್ಟು ಗಟ್ಟಿಯಲ್ಲ. ತೂಕದಲ್ಲಿ ನೂರಕ್ಕೆ 96 ಪಾಲು ಬರೀ ಖನಿಜ, ಮುಖ್ಯವಾಗಿ ಸುಣ್ಣ ಮತ್ತು ರಂಜಕದ ಅಂಶ. ದಪ್ಪ ಎಷ್ಟು ಅಂದರೆ ದವಡೆ ಹಲ್ಲಿನ ತುದಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್, ಒಸಡಿನ ಹತ್ತಿರ ಇನ್ನೂ ತೆಳ್ಳಗೆ. ಅದರಲ್ಲಿ ಜೀವ ಇಲ್ಲ. ಮೂಳೆ ಮುರಿದರೆ ಕೂಡಿಕೊಳ್ಳುತ್ತೆ, ಚರ್ಮ ಕಿತ್ತರೆ ಮಾಯುತ್ತೆ. ಹಲ್ಲಿನ ಕಲಾಯಿ ಒಂದು ಸಲ ಹೋದರೆ ಮತ್ತೆ ಬೆಳೆಯೋದಿಲ್ಲ. ಈ ಒಂದು ಮಾತನ್ನು ಎಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ನಮ್ಮ ಮನೆ ಕಥೆ. ನಮ್ಮದು ಪಾವಗಡ ಸೀಮೆ. ಕೊಳವೆ ಬಾವಿ ಆಳಕ್ಕೆ ಹೋದ ಹಾಗೆ ನೀರಿನ ಜೊತೆ ಫ್ಲೋರೈಡೂ ಮೇಲೆ ಬಂತು. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಇರಬಹುದು ಅನ್ನೋದು ಸರ್ಕಾರದ ಲೆಕ್ಕ. ಅದಕ್ಕಿಂತ ಹೆಚ್ಚಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ, ಹಳದಿ ಪಟ್ಟೆ, ಕಂದು ಕಲೆ ಬರುತ್ತೆ. ಇದಕ್ಕೆ ಫ್ಲೋರೋಸಿಸ್ ಅಂತಾರೆ. ನಮ್ಮ ತಂಗಿಯ ಹಲ್ಲೂ ಹಾಗೇ ಇತ್ತು.

2007ನೇ ಇಸವಿಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದೆವು. ಹೆಣ್ಣು ನೋಡಲು ಬಂದವರು ತಾಂಬೂಲ ಮೆಲ್ಲುತ್ತಾ "ಹುಡುಗಿ ಲಕ್ಷಣವಾಗಿದ್ದಾಳೆ, ನಕ್ಕರೆ ಮಾತ್ರ..." ಅಂತ ಅರ್ಧಕ್ಕೆ ಮಾತು ನಿಲ್ಲಿಸಿದರು. ಹಾಗೆ ಎರಡು ಸಂಬಂಧ ತಪ್ಪಿತು. ಜಾತ್ರೆಯಲ್ಲಿ ನಾವು ದನದ ಹಲ್ಲು ನೋಡುತ್ತಿದ್ದ ಹಾಗೆ ನಮ್ಮ ಮನೆ ಮಗಳ ಹಲ್ಲು ನೋಡಿ ಹೋದರಲ್ಲ ಅಂತ ನಮಗೆ ಸಂಕಟ. ಅವ್ವ ಊಟ ಬಿಟ್ಟಳು.

ಆಗ ಸಂತೆಯಲ್ಲಿ ಒಬ್ಬ ಬಟ್ಟೆ ಹಾಸಿಕೊಂಡು, ಕಟ್ಟುವ ಹಲ್ಲು, ಸಣ್ಣ ಸಣ್ಣ ಸೀಸೆ ಇಟ್ಟುಕೊಂಡು ಕೂತಿದ್ದ. "ಹತ್ತು ನಿಮಿಷದಲ್ಲಿ ಮಲ್ಲಿಗೆ ಮೊಗ್ಗು ಮಾಡಿಕೊಡ್ತೀನಿ" ಅಂದ. ತಂಗಿ ಬೇಡ ಅಂದಳು. ನಾವೇ ಬಲವಂತವಾಗಿ ಕೂರಿಸಿದೆವು. ಅವನು ಕಡ್ಡಿಗೆ ಹತ್ತಿ ಸುತ್ತಿ, ಸೀಸೆಯ ದ್ರವದಲ್ಲಿ ಅದ್ದಿ ಹಲ್ಲಿಗೆ ತಿಕ್ಕಿದ. ನೊರೆ ಬಂತು. ಬಾಯಿ ಮುಕ್ಕಳಿಸಿದಾಗ ಹಲ್ಲು ನಿಜಕ್ಕೂ ಬೆಳ್ಳಗೆ ಹೊಳೆಯುತ್ತಿತ್ತು. ಐವತ್ತು ರೂಪಾಯಿ ಕೊಟ್ಟು ಸಂತೋಷದಿಂದ ಬಂದೆವು. ಸಂಬಂಧ ಕೂಡಿತು. ಲಗ್ನಕ್ಕೆ ಒಂದು ವಾರ ಇದೆ ಅನ್ನುವಾಗ ಇನ್ನೊಂದು ಸಲ ಕರೆದುಕೊಂಡು ಹೋಗಿ ತಿಕ್ಕಿಸಿದೆವು.

ಮದುವೆಯಾಗಿ ಮೂರು ತಿಂಗಳಿಗೆ ಅವಳು ತವರಿಗೆ ಬಂದಾಗ ತಣ್ಣೀರು ಕುಡಿಯುತ್ತಿರಲಿಲ್ಲ. ಸಾರು ಆರಿಸಿಕೊಂಡು ಉಣ್ಣುತ್ತಿದ್ದಳು. ಗಾಳಿ ತಾಗಿದರೂ ಹಲ್ಲು ಜುಂ ಅಂತ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ನಾವು ನಾಚಿಕೆ ಅಂದುಕೊಂಡೆವು. ಆಮೇಲೆ ನೋಡಿದರೆ ಹಲ್ಲು ಮೊದಲಿಗಿಂತ ಹೆಚ್ಚು ಹಳದಿ, ಮುಂದಿನ ಹಲ್ಲಿನ ಅಂಚು ಗಾಜಿನ ಚೂರಿನ ಹಾಗೆ ತೆಳ್ಳಗಾಗಿ ಮುಕ್ಕಾಗಿತ್ತು.

ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ನೋಡಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸೀಸೆಯಲ್ಲಿ ಇದ್ದದ್ದು ಆಸಿಡ್ಡು. ಅವನು ತೆಗೆದದ್ದು ಕಲೆ ಅಲ್ಲ, ಹಲ್ಲಿನ ಮೇಲ್ಪದರ" ಅಂದರು. ನಮಗೆ ಆಗ ಹೊಳೆಯಿತು. ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಥಳಥಳ ಹೊಳೆಯುತ್ತೆ. ಹುಳಿ ಮೇಲಿನ ಪದರ ತಿಂದದ್ದಕ್ಕೇ ಆ ಹೊಳಪು. ಬಿಂದಿಗೆ ಸವೆದರೆ ಇನ್ನೊಂದು ತರಬಹುದು, ಪಾತ್ರೆಗೆ ಮತ್ತೆ ಕಲಾಯಿ ಹಾಕಿಸಬಹುದು. ಹಲ್ಲಿಗೆ ಆ ಕಲಾಯಿ ಹಾಕುವವರು ಎಲ್ಲೂ ಇಲ್ಲ.

ಫ್ಲೋರೈಡಿನ ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ, ಸುಮಾರು ಎಂಟು ವರ್ಷದೊಳಗೆ, ಪದರದ ಒಳಗೇ ಕೂಡಿಕೊಂಡು ಬಂದದ್ದು. ಮೇಲೆ ತಿಕ್ಕಿದರೆ ಹೋಗೋದಿಲ್ಲ. ಜಾಸ್ತಿ ಫ್ಲೋರೋಸಿಸ್ ಆದ ಹಲ್ಲಿನ ಪದರ ಮೊದಲೇ ಪೊಳ್ಳು. ಅಂಥ ಹಲ್ಲಿಗೆ ಆಸಿಡ್ ಹಚ್ಚೋದು ಬಿರುಕು ಬಿಟ್ಟ ಗೋಡೆಗೆ ಹಾರೆ ಹಾಕಿದ ಹಾಗೆ.

ಸಂತೆಯವನು ಒಂದೇ ದಿನದಲ್ಲಿ ಮಾಡಿದ್ದನ್ನು ನಾವು ಮನೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಮಾಡಿಕೊಳ್ಳುತ್ತಿದ್ದೀವಿ. ಹೇಗೆ ಅಂತ ಕೇಳಿ.

ಮೊದಲನೆಯದು ಹುಳಿ. ಹುಳಿ ಹಾಲನ್ನು ನಮ್ಮ ಡೇರಿಯಲ್ಲಿ ಹಾಕಿಸಿಕೊಳ್ಳೋದಿಲ್ಲ, ವಾಪಸ್ಸು ಕಳಿಸ್ತೀವಿ. ಹುಳಿ ಅಳೆಯಲು ಪಿಎಚ್ ಅನ್ನೋ ಲೆಕ್ಕ ಇದೆ. ಶುದ್ಧ ನೀರು 7. ಅಂಕಿ ಕೆಳಗಿಳಿದ ಹಾಗೆ ಹುಳಿ ಏರುತ್ತೆ, ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಒಳ್ಳೆ ಹಾಲು 6.6ರಿಂದ 6.8. ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಪದರದ ಖನಿಜ ಕರಗಲು ಶುರು. ಅಂಗಡಿಯ ಕಪ್ಪು ಪಾನೀಯ ಸುಮಾರು 2.5, ನಿಂಬೆರಸವೂ ಅದರ ಆಸುಪಾಸು. ಬಾಟಲಿ ಪಾನೀಯದಲ್ಲಿ ಸಕ್ಕರೆ ಹೆಚ್ಚು ಇರೋದರಿಂದ ಹುಳಿ ನಾಲಿಗೆಗೆ ಗೊತ್ತಾಗೋದಿಲ್ಲ, ಹಲ್ಲಿಗೆ ಗೊತ್ತಾಗುತ್ತೆ.

ನಮ್ಮ ಕಡೆ ಹುಣಸೆ ಸುಗ್ಗಿಯಲ್ಲಿ ಹೆಣ್ಣುಮಕ್ಕಳು ಹಣ್ಣು ಕುಟ್ಟುತ್ತಾ, ಬೀಜ ಬಿಡಿಸುತ್ತಾ, ಇಡೀ ದಿನ ಒಂದೊಂದು ತೊಳೆ ಬಾಯಲ್ಲಿಟ್ಟು ಚೀಪುತ್ತಾರೆ. ಸಾಯಂಕಾಲ ಹಲ್ಲು ಚುಳ್ ಅನ್ನುತ್ತೆ. ಸಾರಿಗೆ ಹಾಕಿದ ಹುಳಿಯಿಂದ ಭಯವಿಲ್ಲ. ಗಂಟೆಗಟ್ಟಲೆ ಬಾಯಲ್ಲಿಟ್ಟುಕೊಳ್ಳೋದರಿಂದ ಕೇಡು. ಎಷ್ಟು ತಿಂದೆವು ಅನ್ನೋದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಅನ್ನೋದು ಮುಖ್ಯ.

ಹಾಗಾದರೆ ಮೊಸರೂ ಹುಳಿಯಲ್ಲವೇ ಅಂತ ಕೇಳಬಹುದು. ಹುಳಿ ನಿಜ, ಆದರೆ ಅದರಲ್ಲೇ ಸುಣ್ಣ, ರಂಜಕದ ಅಂಶ ತುಂಬಿರೋದರಿಂದ ಹಲ್ಲಿನಿಂದ ಕಿತ್ತುಕೊಳ್ಳೋದಿಲ್ಲ. ಹಾಲಿನವರಿಗೆ ಇದು ಹೆಮ್ಮೆಯ ವಿಷಯ.

ಎರಡನೆಯದು ನಮ್ಮ ಹೊಟ್ಟೆಯದೇ ಹುಳಿ. ಎದೆ ಉರಿ, ಹುಳಿತೇಗು, ಪದೇ ಪದೇ ವಾಂತಿ, ಇವುಗಳಿಂದ ಜಠರದ ಆಮ್ಲ ಬಾಯಿಗೆ ಬರುತ್ತೆ. ಅದು ಹಲ್ಲಿನ ಒಳಮೈಯನ್ನು, ನಾಲಿಗೆಯ ಕಡೆಯನ್ನು ತಿನ್ನುತ್ತೆ. ಗ್ಯಾಸು ಅಂತ ಸೋಡಾ ಕುಡಿಯುತ್ತಾ ಕೂರಬಾರದು, ಹೊಟ್ಟೆಗೇ ಔಷಧಿ ಆಗಬೇಕು. ಬಸುರಿ ಹೆಣ್ಣುಮಕ್ಕಳು ವಾಂತಿಯಾದ ಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಬೇಕು, ತಕ್ಷಣ ಉಜ್ಜಬಾರದು.

ಮೂರನೆಯದು ಉಜ್ಜುವುದು. ಇದ್ದಿಲು, ಇಟ್ಟಿಗೆ ಪುಡಿ, ಮರಳು ಸೇರಿದ ಬೂದಿ, ಇದರಲ್ಲಿ ತಿಕ್ಕಿದರೆ ಹಲ್ಲು ಸವೆಯುತ್ತೆ. ಗಟ್ಟಿ ಬ್ರಷ್ಷನ್ನು ಪಾತ್ರೆ ತಿಕ್ಕುವ ಹಾಗೆ ಅಡ್ಡಡ್ಡ ಎಳೆದರೂ ಅಷ್ಟೇ. ಹುಳಿ ತಿಂದ ತಕ್ಷಣ ಪದರ ಮೆತ್ತಗಾಗಿರುತ್ತೆ, ಆಗ ಉಜ್ಜಿದರೆ ಸುಲಭವಾಗಿ ಹೋಗುತ್ತೆ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಅಷ್ಟರಲ್ಲಿ ನಮ್ಮ ಎಂಜಲೇ ಹುಳಿ ತೊಳೆದು, ಮೆತ್ತಗಾದದ್ದನ್ನು ಸ್ವಲ್ಪ ಮಟ್ಟಿಗೆ ಗಟ್ಟಿ ಮಾಡುತ್ತೆ. ಎಂಜಲು ಅಂತ ಹೇಸುತ್ತೀವಿ, ಹಲ್ಲಿಗೆ ಅದೇ ದೊಡ್ಡ ಕಾವಲು.

ಇನ್ನು ಲಕ್ಷಣಗಳು. ತಣ್ಣಗಿನದು, ಬಿಸಿ, ಸಿಹಿ ತಾಗಿದಾಗ ಜುಂ ಅನ್ನೋದು. ಹಲ್ಲು ದಿನೇ ದಿನೇ ಹಳದಿಯಾಗೋದು. ಮೇಲಿನ ಬಿಳಿ ಪದರ ತೆಳ್ಳಗಾಗಿ ಒಳಗಿನ ಹಳದಿ ಭಾಗ ಕಾಣುತ್ತೆ, ಎಷ್ಟು ಉಜ್ಜಿದರೂ ಬೆಳ್ಳಗಾಗೋದಿಲ್ಲ. ಮುಂದಿನ ಹಲ್ಲಿನ ಅಂಚು ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗಾಗೋದು, ಮುಕ್ಕಾಗೋದು. ದವಡೆ ಹಲ್ಲಿನ ಮೇಲೆ ಸಣ್ಣ ಬಟ್ಟಲಿನಂಥ ಗುಳಿ ಬೀಳೋದು. ಹಿಂದೆ ತುಂಬಿಸಿದ ಸಿಮೆಂಟು ಹಲ್ಲಿಗಿಂತ ಎತ್ತರವಾಗಿ ನಿಲ್ಲೋದು. ಇದು ಹುಳುಕು ಹಲ್ಲಲ್ಲ. ಹುಳುಕಿಗೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಕಾರಣ, ಹುಳ ಅಲ್ಲ, ಅದು ಒಂದು ಕಡೆ ತೂತು ಕೊರೆಯುತ್ತೆ. ಈ ಸವೆತ ಇಡೀ ಮೈಯನ್ನೇ ನುಣ್ಣಗೆ ಕರಗಿಸುತ್ತೆ. ಅದಕ್ಕೇ ಬೇಗ ಗೊತ್ತಾಗೋದಿಲ್ಲ.

ಚಿಕಿತ್ಸೆ ಏನು? ಹೋದ ಪದರವನ್ನು ಬೆಳೆಸುವ ಔಷಧಿ ಇಲ್ಲ. ಹಾಗಂತ ಯಾರಾದರೂ ಪುಡಿ ಮಾರಿದರೆ ನಂಬಬೇಡಿ. ಮೊದಲು ಕಾರಣ ನಿಲ್ಲಿಸಬೇಕು. ಶುರುವಿನಲ್ಲೇ ಹೋದರೆ ಡಾಕ್ಟರು ಉಳಿದ ಪದರ ಗಟ್ಟಿಯಾಗಲು ಫ್ಲೋರೈಡ್ ಲೇಪ ಹಚ್ಚುತ್ತಾರೆ, ಜುಂ ಅನ್ನೋದಕ್ಕೆ ಬೇರೆ ಪೇಸ್ಟು ಬರೆದುಕೊಡುತ್ತಾರೆ. ಸ್ವಲ್ಪ ಹೆಚ್ಚು ಸವೆದಿದ್ದರೆ ಹಲ್ಲಿನ ಬಣ್ಣದ ಸಿಮೆಂಟು ತುಂಬುತ್ತಾರೆ. ಪೂರಾ ಸವೆದಿದ್ದರೆ ಕ್ಯಾಪು. ನರದವರೆಗೆ ಹೋಗಿದ್ದರೆ ಮೊದಲು ರೂಟ್ ಕೆನಾಲ್. ತಡ ಮಾಡಿದಷ್ಟೂ ಖರ್ಚು.

"ಫ್ಲೋರೈಡಿಂದಲೇ ಕೆಟ್ಟ ಊರಲ್ಲಿ ಮತ್ತೆ ಫ್ಲೋರೈಡ್ ಹಚ್ಚೋದೇ?" ಅಂತ ನಾವೂ ಕೇಳಿದೆವು. ಹಲ್ಲಿನ ಮೇಲೆ ಹೊರಗಿನಿಂದ ಹಚ್ಚುವ ಸ್ವಲ್ಪ ಗಟ್ಟಿ ಮಾಡುತ್ತೆ, ಹಲ್ಲು ಬೆಳೆಯುವ ವಯಸ್ಸಲ್ಲಿ ಹೊಟ್ಟೆಗೆ ಹೋಗುವ ಹೆಚ್ಚಿನದು ಕೆಡಿಸುತ್ತೆ ಅಂದರು. ಗೊಬ್ಬರದ ಲೆಕ್ಕದ ಹಾಗೆ, ಎಷ್ಟು, ಯಾವಾಗ ಅನ್ನೋದರ ಮೇಲಿದೆ. ಚಿಕ್ಕ ಮಕ್ಕಳು ಪೇಸ್ಟ್ ನುಂಗದ ಹಾಗೆ ನೋಡಿಕೊಳ್ಳಿ. ಆರು ವರ್ಷದೊಳಗಿನವರಿಗೆ ಯಾವ ಪೇಸ್ಟು, ಎಷ್ಟು ಅಂತ ಈ ದಿನವೇ ಡಾಕ್ಟರನ್ನು ಕೇಳಿ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರೇ ತನ್ನಿ. ಕೊಳವೆ ಬಾವಿ ನೀರು ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಇಂಗಿ ಇನ್ನೂ ಹೆಚ್ಚಾಗುತ್ತೆ.

ನಮ್ಮ ತಂಗಿಗೆ ಎರಡು ಹಲ್ಲಿಗೆ ರೂಟ್ ಕೆನಾಲ್, ಆರಕ್ಕೆ ಕ್ಯಾಪು ಆಯಿತು. ಆ ವರ್ಷದ ಸಂಘದ ಬೋನಸ್ಸು, ಒಂದು ಕರೆಯುವ ಹಸು, ಎರಡೂ ಅದಕ್ಕೆ ಹೋಯಿತು. ಹಸು ಮತ್ತೆ ಕಟ್ಟಿದೆವು. ಹಲ್ಲು ಕೊಡಲು ಆಗಲಿಲ್ಲ. ಅವಳು ಈಗ ಇದೇ ಸಭೆಯಲ್ಲಿ ಕೂತಿದ್ದಾಳೆ. ನಿನ್ನೆ ರಾತ್ರಿ "ನಿನ್ನ ವಿಚಾರ ಹೇಳಲೇನಮ್ಮಾ?" ಅಂತ ಕೇಳಿದೆವು. "ಹೇಳಣ್ಣಾ. ಇನ್ನೊಂದು ಹುಡುಗಿಗೆ ಹಂಗಾಗಬಾರದು. ಆದ್ರೆ ಅವತ್ತು ನಾನು ಬ್ಯಾಡ ಅಂದಿದ್ದೆ ಅನ್ನೋದನ್ನೂ ಹೇಳು" ಅಂದಳು. ಹೇಳಿದ್ದೀವಮ್ಮಾ.

ಕೊನೆಯದಾಗಿ ಸಂಘಕ್ಕೆ ಎರಡು ವಿನಂತಿ. ವರ್ಷಕ್ಕೊಮ್ಮೆ ಶಾಲೆ ಮಕ್ಕಳಿಗೆ ಇಂಥ ಶಿಬಿರ ನಡೆಸಬೇಕು. ಇನ್ನೊಂದು, ನಮ್ಮ ಸಮಾರಂಭಗಳಲ್ಲಿ ಬಾಟಲಿ ಪಾನೀಯ ನಿಲ್ಲಿಸಬೇಕು. ಈ ದಿನಕ್ಕೂ ಎರಡು ಕ್ರೇಟು ಬಂದಿದೆ. ತರಿಸಿದವರು ಬೇರೆ ಯಾರೂ ಅಲ್ಲ, ನಾವೇ. ಅದನ್ನು ಅಂಗಡಿಗೆ ವಾಪಸ್ಸು ಕಳಿಸಿ, ನಮ್ಮ ಹಸುಗಳದೇ ಮಜ್ಜಿಗೆ ಮಾಡಿಸಿದ್ದೀವಿ. ಕುಡಿದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಡಾಕ್ಟರಿಗೆ ಬಾಯಿ ತೋರಿಸಿ. ಹೆಣ್ಣುಮಕ್ಕಳನ್ನು ಮೊದಲು ಕಳಿಸಿ.