ಮೃತ್ಯುಪತ್ರ, ಪ್ರೊಬೇಟ್ ಮತ್ತು ನ್ಯಾಸ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾವಿನ ಮಾತನ್ನು ಸಭೆಯಲ್ಲಿ ಎತ್ತುವುದು ಅಮಂಗಳವೆಂದು ಭಾವಿಸುವವರಿದ್ದಾರೆ. ನನ್ನ ತಂದೆಯವರೂ ಹಾಗೆ ಭಾವಿಸುವವರೇ. ಆದರೂ ಅವರು ಒಂದು ಮೃತ್ಯುಪತ್ರವನ್ನು ಬರೆದಿಟ್ಟಿದ್ದರು. ಮಾಟುಂಗಾದ ಮನೆ, ಧಾರವಾಡದ ಬಳಿಯ ಹೊಲ, ಬ್ಯಾಂಕಿನ ಠೇವಣಿ ಇವಿಷ್ಟು ಅದರಲ್ಲಿದ್ದವು. ಅಚ್ಚ ಕನ್ನಡದಲ್ಲಿ ಬರೆದು, ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿದ್ದರು. 2011ರಲ್ಲಿ ಅವರು ತೀರಿಕೊಂಡಾಗ ಅಷ್ಟು ಸಾಕೆಂದು ನಾವು ನಂಬಿದ್ದೆವು.

ಅಷ್ಟು ಸಾಕಾಗಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 213ನೆಯ ಕಲಮು ಆಗ ಜಾರಿಯಲ್ಲಿತ್ತು. ಮುಂಬಯಿ, ಮದ್ರಾಸು ಹೈಕೋರ್ಟುಗಳ ಮೂಲ ವ್ಯಾಪ್ತಿಯಲ್ಲಿ ಬರೆದ, ಇಲ್ಲವೆ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದ ಹಿಂದೂ ಮೃತ್ಯುಪತ್ರಗಳಿಗೆ ಪ್ರೊಬೇಟ್ ಕಡ್ಡಾಯವಾಗಿತ್ತು. ಇದರ ಬೇರು 1870ರ ಹಿಂದೂ ಉಯಿಲು ಕಾಯಿದೆಯಲ್ಲಿದೆ. ಧಾರವಾಡದಲ್ಲೇ ಬರೆದು, ಅಲ್ಲಿನ ಹೊಲಕ್ಕಷ್ಟೇ ಸಂಬಂಧಿಸಿದ್ದರೆ ಈ ಕಡ್ಡಾಯ ನಮಗೆ ತಗಲುತ್ತಿರಲಿಲ್ಲ.

ಪ್ರೊಬೇಟ್ ಎಂದರೆ ಮೃತ್ಯುಪತ್ರವು ನಿಜವಾದುದೆಂದು ನ್ಯಾಯಾಲಯವು ಮುದ್ರೆಯೊತ್ತಿ ಕೊಡುವ ದೃಢೀಕೃತ ಪ್ರತಿ. ಅದರ ಜೊತೆಗೆ ಆಸ್ತಿಯನ್ನು ನಿರ್ವಹಿಸುವ ಅಧಿಕಾರವೂ ಬರುತ್ತದೆ. ಆ ಆಸ್ತಿ ತೀರಿಕೊಂಡವರದೇ ಹೌದೋ ಅಲ್ಲವೋ ಎಂಬುದನ್ನು ಅದು ನಿರ್ಣಯಿಸುವುದಿಲ್ಲ. ಪ್ರೊಬೇಟ್ ದೊರೆಯುವುದು ಮೃತ್ಯುಪತ್ರದಲ್ಲಿ ಹೆಸರಿಸಿದ ನಿರ್ವಾಹಕನಿಗೆ ಮಾತ್ರ. ತಂದೆಯವರು ಯಾರನ್ನೂ ಹೆಸರಿಸಿರಲಿಲ್ಲ. ಹೀಗಾಗಿ ನಾವು ಮೃತ್ಯುಪತ್ರವನ್ನು ಲಗತ್ತಿಸಿದ ಆಡಳಿತಪತ್ರಕ್ಕೆ ಅರ್ಜಿ ಹಾಕಬೇಕಾಯಿತು. ಕನ್ನಡದ ಮೂಲಕ್ಕೆ ಅನುವಾದ ಬೇಕಾಯಿತು. ಸಾಕ್ಷಿಗಳಲ್ಲಿ ಒಬ್ಬರು ಗತಿಸಿದ್ದರು. ಇನ್ನೊಬ್ಬರು ಗದುಗಿನಲ್ಲಿ ಹಾಸಿಗೆ ಹಿಡಿದಿದ್ದರು. ಹೀಗೆ ನಾಲ್ಕು ವರ್ಷಗಳು ಕಳೆದವು.

ಅದಕ್ಕಿಂತ ದೊಡ್ಡ ಸಂಕಟ ಬೇರೆಯೇ ಇತ್ತು. ನನ್ನ ತಂಗಿ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಲಾರಳು. ತಂದೆಯವರು ಅವಳಿಗೆ ಮೂರರಲ್ಲಿ ಒಂದು ಪಾಲನ್ನು ಬರೆದಿದ್ದರು; ಆ ಪಾಲನ್ನು ಅವಳ ಪರವಾಗಿ ಕಾಯುವವರಾರೆಂದು ಬರೆದಿರಲಿಲ್ಲ. ಮೃತ್ಯುಪತ್ರವು ಆಸ್ತಿಯನ್ನು ಹಂಚಿ ಮುಗಿಯುತ್ತದೆ. ನ್ಯಾಸವು ಆಸ್ತಿಯನ್ನು ಹಿಡಿದಿಟ್ಟುಕೊಂಡು ಮುಂದುವರಿಯುತ್ತದೆ. ಆಸ್ತಿ ನ್ಯಾಸಧಾರಿಯ ಹೆಸರಿನಲ್ಲಿ, ಅದರ ಫಲ ಫಲಾನುಭವಿಗೆ: 1882ರ ನ್ಯಾಸ ಕಾಯಿದೆಯ ತಿರುಳಿದು. ಬದುಕಿರುವಾಗ ಸ್ಥಿರಾಸ್ತಿಯ ನ್ಯಾಸ ಮಾಡುವುದಾದರೆ ಲಿಖಿತ, ನೋಂದಾಯಿತ ಪತ್ರ ಬೇಕು. ಮೃತ್ಯುಪತ್ರದ ಮೂಲಕವೂ ಅದನ್ನು ಮಾಡಬಹುದು. ನನ್ನ ತಾಯಿ ಅನಂತರ ತಮ್ಮ ಮೃತ್ಯುಪತ್ರದಲ್ಲಿ ಹಾಗೆಯೇ ಮಾಡಿ, ನನ್ನನ್ನೂ ಸೋದರಮಾವನ ಮಗನನ್ನೂ ನ್ಯಾಸಧಾರಿಗಳನ್ನಾಗಿ ನೇಮಿಸಿದರು.

ಡಿಸೆಂಬರ್ 2025ರಲ್ಲಿ ಸಂಸತ್ತು 213ನೆಯ ಕಲಮನ್ನು ತೆಗೆದುಹಾಕಿತು. ಕಡ್ಡಾಯ ಹೋಯಿತೆಂದು ಹಲವರು ನಿಟ್ಟುಸಿರು ಬಿಟ್ಟಿದ್ದಾರೆ. ಆದರೆ ಹೋದದ್ದು ಕಡ್ಡಾಯ ಮಾತ್ರ. ತಕರಾರು ಬಂದರೆ ಮೃತ್ಯುಪತ್ರವನ್ನು ಸಿದ್ಧಪಡಿಸುವ ಹೊಣೆ ಉಳಿದೇ ಇದೆ. ಬೇಕಾದವರು ಈಗಲೂ ಪ್ರೊಬೇಟ್ ಕೇಳಬಹುದು. ಹೈಕೋರ್ಟು ಕೊಟ್ಟ ಪ್ರೊಬೇಟ್ ಸಾಮಾನ್ಯವಾಗಿ ಇತರ ರಾಜ್ಯಗಳಲ್ಲೂ ನಡೆಯುತ್ತದೆ. ಇಲ್ಲೊಂದು ಮನೆ, ಊರಲ್ಲೊಂದು ಹೊಲ ಇರುವ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ.

ನಾಮಿನಿಯ ಹೆಸರು ಕೊಟ್ಟಿದ್ದೇವೆ, ಇನ್ನೇಕೆ ಚಿಂತೆ ಎನ್ನುವವರೂ ಇದ್ದಾರೆ. ನಾಮಿನಿ ಸಾಮಾನ್ಯವಾಗಿ ಹಣವನ್ನು ಪಡೆಯುವವನು, ಒಡೆಯನಲ್ಲ. ವಿಮೆಯ ಹಣದ ಬಗ್ಗೆ 1983ರಲ್ಲಿ, ಕಂಪನಿ ಷೇರುಗಳ ಬಗ್ಗೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೀಗೆಯೇ ಹೇಳಿದೆ.

ಆದ್ದರಿಂದ ನನ್ನ ಬಿನ್ನಹವಿಷ್ಟೇ. ನಿರ್ವಾಹಕನನ್ನು ಹೆಸರಿಸಿ, ಅವನಿಲ್ಲದಿದ್ದರೆ ಮತ್ತೊಬ್ಬನನ್ನೂ ಸೂಚಿಸಿ. ನಿಮಗಿಂತ ಕಿರಿಯರಾದ, ಪಾಲು ಪಡೆಯದ ಇಬ್ಬರು ಸಾಕ್ಷಿಗಳಿರಲಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಮನೆಯಲ್ಲಿ ಆಸರೆ ಬೇಕಾದ ಜೀವವಿದ್ದರೆ ಪಾಲನ್ನಷ್ಟೇ ಬರೆಯಬೇಡಿ, ಕಾಯುವವರನ್ನೂ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ, ಅನುವಾದಕ್ಕೆ ದಾರಿಯಿದೆ. ಬರೆಯದೆ ಬಿಟ್ಟ ಮಾತಿಗೆ ಯಾವ ಅನುವಾದವೂ ಇಲ್ಲ.