ತಲೆ ತಗ್ಗಿಸಿದ ಸಂತ, ತಲೆ ಎತ್ತಿಸಿದ ಚಿತ್ರಕಾರ

(ಜೂನ್ 21, ಸಂತ ಅಲೋಶಿಯಸ್ ಗೊನ್ಝಾಗರ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಸಂತ ಅಲೋಶಿಯಸರ ಬಗ್ಗೆ ನಮ್ಮ ಹಿರಿಯರು ಹೇಳುತ್ತಿದ್ದ ಒಂದು ಮಾತು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅವರು ದಾರಿಯಲ್ಲಿ ನಡೆಯುವಾಗ ಕಣ್ಣೆತ್ತಿ ನೋಡುತ್ತಿರಲಿಲ್ಲವಂತೆ. ಬಾಲ್ಯದಲ್ಲಿ ಮಹಾರಾಣಿಯ ಪರಿವಾರದೊಡನೆ ಪ್ರಯಾಣ ಮಾಡಿದರೂ ಆಕೆಯ ಮುಖ ಹೇಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲವಂತೆ. ಸೆಮಿನರಿಯಲ್ಲಿ ನಮಗೂ ಈ ಕಥೆ ಹೇಳಿ ಕಣ್ಣುಗಳನ್ನು ಕಾಯ್ದುಕೊಳ್ಳಿರೆಂದು ಬುದ್ಧಿ ಹೇಳುತ್ತಿದ್ದರು.

ಆದರೆ ನಮ್ಮ ಮಂಗಳೂರಿನಲ್ಲಿ ನಡೆದದ್ದನ್ನು ನೋಡಿ. ಲೈಟ್‌ಹೌಸ್ ಹಿಲ್ ಮೇಲಿರುವ ಸಂತ ಅಲೋಶಿಯಸ್ ಚಾಪೆಲ್‌ನ ಒಳಗೆ ಕಾಲಿಟ್ಟವರು ಮೊದಲು ಮಾಡುವುದೇ ತಲೆ ಎತ್ತುವುದು! ಕಣ್ಣು ತಗ್ಗಿಸಿ ನಡೆದ ಸಂತರ ಜೀವನಚರಿತ್ರೆ ಅಲ್ಲಿ ಮಾಡಿನ ಕೆಳಗೆ, ಕತ್ತು ನೋಯುವಷ್ಟು ಎತ್ತರದಲ್ಲಿದೆ. ಇದನ್ನು ಬರೆದವರು ಇಟಲಿಯ ಬೆರ್ಗಮೊ ಸಮೀಪದ ಸ್ತೆಝಾನೊ ಊರಿನ ಬ್ರದರ್ ಅಂತೋನಿಯೊ ಮೊಸ್ಕೇನಿ. 1854ರಲ್ಲಿ ಹುಟ್ಟಿದ ಇವರು ಚಿತ್ರಕಲೆ ಕಲಿತು, ಹೆಸರು ಗಳಿಸಿ, ಮೂವತ್ತೈದರ ಹೊತ್ತಿಗೆ ಯೇಸುಸಭೆ ಸೇರಿದರು. ಗುರುಗಳಾಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಪ್ರಬೋಧನೆ ಮಾಡುವ ಅಧಿಕಾರ ಅವರಿಗಿರಲಿಲ್ಲ. ಆದರೂ ನೂರಕ್ಕೂ ಹೆಚ್ಚು ವರ್ಷಗಳಿಂದ ಅವರು ಅಲ್ಲಿ ಪ್ರಬೋಧನೆ ಮಾಡುತ್ತಲೇ ಇದ್ದಾರೆ, ಮತ್ತು ನಮ್ಮ ಪ್ರಬೋಧನೆಗಳ ಹಾಗೆ ಅದನ್ನು ಕೇಳಿ ಯಾರೂ ಗಡಿಯಾರ ನೋಡುವುದಿಲ್ಲ!

ಚಾಪೆಲ್ ಕಟ್ಟಿದ್ದು 1880ರ ದಶಕದಲ್ಲಿ. ಮೊಸ್ಕೇನಿಯವರು ಕುಂಚ ಹಿಡಿದದ್ದು 1899ರ ಸುಮಾರಿಗೆ. ಎರಡು ವರ್ಷಗಳಷ್ಟು ಕಾಲದಲ್ಲಿ ಗೋಡೆ, ಕಮಾನು, ಮಾಡು ಎಲ್ಲವನ್ನೂ ತುಂಬಿಸಿದರು. ಕೆಲವನ್ನು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದರು, ಉಳಿದವು ಫ್ರೆಸ್ಕೊ. ಈ ಫ್ರೆಸ್ಕೊ ಎಂದರೇನೆಂದು ಸ್ವಲ್ಪ ವಿವರಿಸಬೇಕು. ಗೋಡೆಗೆ ಸುಣ್ಣ ಮತ್ತು ಮರಳಿನ ಗಾರೆ ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಒಣಗುತ್ತಾ ಸುಣ್ಣವು ಗಾಳಿಯೊಂದಿಗೆ ಸೇರಿ ಕಲ್ಲಿನಂತಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಉಳಿಯುತ್ತದೆ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟಕ್ಕೆ ಮಾತ್ರ ಗಾರೆ ಹಾಕುವುದು. ತಪ್ಪಿದರೆ ಒರೆಸಲಾಗದು, ಕೆತ್ತಿ ತೆಗೆದು ಹೊಸ ಗಾರೆ ಹಾಕಬೇಕು. ಇನ್ನೊಂದು ಕಷ್ಟವಿದೆ. ಹಸಿಯಿರುವಾಗ ಗಾಢವಾಗಿ ಕಾಣುವ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಅಂದರೆ ಚಿತ್ರಕಾರ ಇಂದು ಕಾಣದ ಬಣ್ಣವನ್ನು ಮನಸ್ಸಿನಲ್ಲಿ ಕಂಡು ಕೆಲಸ ಮಾಡಬೇಕು. ಅಟ್ಟಣಿಗೆಯ ಮೇಲೆ ಗೇಣು ದೂರದಿಂದ ನೋಡಿದರೆ ಮುಖ ಮುಖದಂತೆಯೇ ಇರುವುದಿಲ್ಲ. ಕೆಳಗೆ ಬೆಂಚಿನಲ್ಲಿ ಕುಳಿತವರ ಕಣ್ಣಿಗೆ ಅದು ಹೇಗೆ ಬೀಳುತ್ತದೆ ಎಂದು ಮೇಲಿದ್ದುಕೊಂಡೇ ಲೆಕ್ಕ ಹಾಕಬೇಕು. ತನ್ನ ಕಣ್ಣನ್ನು ಬಿಟ್ಟು ಇನ್ನೊಬ್ಬರ ಕಣ್ಣಿನಿಂದ ನೋಡುವ ಈ ಅಭ್ಯಾಸವನ್ನು ನಾನು ಪ್ರೀತಿ ಎಂದೇ ಕರೆಯುತ್ತೇನೆ.

ಈಗ ಮತ್ತೆ ಅಲೋಶಿಯಸರ ಕಡೆಗೆ ಬರೋಣ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿತ್ತು. ರೋಗಿಗಳ ಗಾಯ ಮತ್ತು ವಾಸನೆ ಕಂಡರೆ ಅವರಿಗೆ ಸಹಜವಾಗಿಯೇ ಅಸಹ್ಯವಾಗುತ್ತಿತ್ತು. ಆದರೂ ಬೀದಿಯಲ್ಲಿ ಬಿದ್ದವರನ್ನು ಹೊತ್ತು ಆಸ್ಪತ್ರೆಗೆ ತಂದರು, ತಾವೂ ಹಾಸಿಗೆ ಹಿಡಿದರು, ಜೂನ್ 21ರಂದು ತೀರಿಕೊಂಡರು. ಆಗ ಅವರಿಗೆ ಬರೇ 23 ವರ್ಷ. ನನಗೆ ಅನಿಸುವುದಿಷ್ಟೆ: ತಗ್ಗಿಸಿದ ಕಣ್ಣಿಗೆ ನೆಲದ ಮೇಲೆ ಬಿದ್ದವನೇ ಮೊದಲು ಕಾಣುತ್ತಾನೆ. ಮಹಾರಾಣಿಯ ಮುಖ ಗೊತ್ತಿಲ್ಲದವರಿಗೆ ರೋಗಿಯ ಮುಖ ಗೊತ್ತಿತ್ತು. ಸೆಮಿನರಿಯಲ್ಲಿ ಈ ಅರ್ಧವನ್ನು ನಮಗೆ ಅಷ್ಟಾಗಿ ಹೇಳಲಿಲ್ಲ.

ಪ್ರಿಯರೇ, ಇಷ್ಟೆಲ್ಲ ಹೇಳುವ ನಾನು ನೋಡಲು ಕಲಿತವನಲ್ಲ. ಹಿಂದೆ ನಾನಿದ್ದ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಬಲಿಪೀಠದ ಮೇಲ್ಭಾಗದ ಗೋಡೆಯಲ್ಲಿ ಮೋಡ ಮತ್ತು ದೇವದೂತರ ಹಳೆಯ ಚಿತ್ರವಿತ್ತು. ಯಾರೋ ಊರಿನ ಪೇಂಟರ್ ಬರೆದದ್ದು. ದೂತರ ಕೈಗಳು ದಪ್ಪ, ರೆಕ್ಕೆಗಳು ಕೋಳಿಯ ರೆಕ್ಕೆಗಳ ಹಾಗೆ. ಮಳೆಗಾಲದ ತೇವಕ್ಕೆ ಅಲ್ಲಲ್ಲಿ ಬಣ್ಣ ಉಬ್ಬಿತ್ತು. ಹಬ್ಬ ಹತ್ತಿರ ಬಂದಿತ್ತು. ನಾನು ಪುಟ್ಟಿ ಹಾಕಿಸಿ ಕೆನೆ ಬಣ್ಣದ ಎಮಲ್ಶನ್ ಹೊಡೆಸಿದೆ. ಎರಡೇ ದಿನದ ಕೆಲಸ. ಎಲ್ಲರೂ ಸ್ವಚ್ಛವಾಯಿತೆಂದರು. ಹಬ್ಬದ ಪೂಜೆ ಮುಗಿದ ಮೇಲೆ ಒಬ್ಬ ವೃದ್ಧೆ ಸಕ್ರಿಸ್ತಿಯ ಬಾಗಿಲಿಗೆ ಬಂದರು. "ಫಾದರ್, ಇವರು ಆಸ್ಪತ್ರೆಯಲ್ಲಿದ್ದ ಆರು ತಿಂಗಳೂ ನಾನು ಎಡಗಡೆಯ ಆ ದೂತನನ್ನು ನೋಡಿಯೇ ಜಪಸರ ಹೇಳಿದ್ದು. ಇನ್ನು ಎಲ್ಲಿ ನೋಡಲಿ?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆದಿಕಾಂಡದಲ್ಲಿ ದೇವರು ತಾವು ಸೃಷ್ಟಿಸಿದ್ದನ್ನು ನೋಡಿ ಚೆನ್ನಾಗಿದೆಯೆಂದು ಕಂಡರು. ಸೃಷ್ಟಿಕರ್ತರೇ ನಿಂತು ನೋಡಿದರು. ನಾನು ಆ ಗೋಡೆಯ ಮುಂದೆ ಮೂರು ವರ್ಷ ದಿನವೂ ಪೂಜೆ ಅರ್ಪಿಸಿದ್ದೆ, ಆದರೆ ಉಬ್ಬಿದ ಬಣ್ಣವನ್ನಷ್ಟೇ ಕಂಡಿದ್ದೆ. ಮೊಸ್ಕೇನಿಯವರ ಚಿತ್ರಗಳಿಗೂ ನಮ್ಮ ಕರಾವಳಿಯ ತೇವ ತಗಲಿತ್ತು. ಆದರೆ 1990ರ ದಶಕದ ಆರಂಭದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಅವುಗಳನ್ನು ವರ್ಷಗಟ್ಟಲೆ ತಾಳ್ಮೆಯಿಂದ ಸರಿಪಡಿಸಿದರು. ನಮ್ಮ ಸಣ್ಣ ಇಗರ್ಜಿಗಳ ಚಿತ್ರಗಳಿಗೆ ಅಂಥ ಭಾಗ್ಯವಿಲ್ಲ. ಅವುಗಳಿಗೆ ಸಿಗುವುದು ನನ್ನಂಥ ಅವಸರದ ಗುರು!

ಈಗ ನಮ್ಮದೇ ವಿಷಯ. ಈ ಮಳೆಗಾಲ ಮುಗಿದ ಕೂಡಲೇ ನಮ್ಮ ಇಗರ್ಜಿಗೆ ಬಣ್ಣ ಹೊಡೆಸಬೇಕೆಂದು ಪಾಲನಾ ಪರಿಷತ್ತಿನಲ್ಲಿ ಮಾತಾಗಿದೆ. ಬಲಗಡೆಯ ಗೋಡೆಯಲ್ಲಿ ಸಂತ ಜೋಸೆಫರ ಹಳೆಯ ಚಿತ್ರವಿದೆ. ಬರೆದವರ ಹೆಸರು ನಮ್ಮ ದಾಖಲೆಗಳಲ್ಲಿಲ್ಲ. ಸಂತರ ಕೈಯಲ್ಲಿರುವುದು ನಮ್ಮೂರಿನ ಆಚಾರಿಗಳು ಹಿಡಿಯುವ ಉಳಿಯೇ, ಗಮನಿಸಿದ್ದೀರಾ? ನಾನು ಗಮನಿಸಿದ್ದು ಮೊನ್ನೆ. ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಸಭೆಯಿದೆ. ಗುರಿಕಾರರೂ ವಾಳೆಯವರೂ ಬರುವ ಮುನ್ನ ಒಂದು ಹತ್ತು ನಿಮಿಷ ಆ ಗೋಡೆಯ ಎದುರು ನಿಂತು ಬನ್ನಿ. ಅಜ್ಜ ಅಜ್ಜಿಯರನ್ನೂ ಕರೆತನ್ನಿ, ಅವರಿಗೆ ಅದರ ಬಗ್ಗೆ ಏನಾದರೂ ಹೇಳಲಿಕ್ಕಿರಬಹುದು. ಪೇಂಟರಿಗೆ ಇನ್ನೂ ಮುಂಗಡ ಕೊಟ್ಟಿಲ್ಲ.